ಆಪ್ತಸಮಾಲೋಚನೆಯ ಕೋಣೆಯಲ್ಲಿ ವರ್ಗಭೇದ: ಗುರುತಿಸುವ ಮತ್ತು ಸರಿಪಡಿಸುವ ಬಗೆ

ಬಡವರನ್ನು ಕಂಡರೆ ತಮಗೆ ತಾತ್ಸಾರವಿಲ್ಲ ಎಂದು ಯಾವ ಆಪ್ತಸಮಾಲೋಚಕರನ್ನು ಕೇಳಿದರೂ ಹೇಳುತ್ತಾರೆ, ಮತ್ತು ಬಹುಪಾಲು ಮಂದಿಯ ಮಟ್ಟಿಗೆ ಅದು ನಿಜವೂ ಹೌದು. ನಮ್ಮ ವೃತ್ತಿಯಲ್ಲಿ ವರ್ಗಭೇದವು ತಾತ್ಸಾರವಾಗಿ ಕಾಣಿಸಿಕೊಳ್ಳುವುದು ಅಪರೂಪ. ಯಾರಿಗೆ ಐವತ್ತು ನಿಮಿಷ, ಯಾರಿಗೆ ಹದಿನೈದು. ಯಾರ ಮಾತನ್ನು ಕೇಳಿಸಿಕೊಳ್ಳುತ್ತೇವೆ, ಯಾರಿಗೆ ಬುದ್ಧಿ ಹೇಳಿ ಕಳುಹಿಸುತ್ತೇವೆ. ಯಾರು ಬಂದಾಗ ಬಾಗಿಲು ಮುಚ್ಚುತ್ತೇವೆ, ಯಾರು ಬಂದಾಗ ತೆರೆದೇ ಬಿಡುತ್ತೇವೆ. ಯಾರ ಕಡತದಲ್ಲಿ ಯಾವ ಶಬ್ದ ಬರೆಯುತ್ತೇವೆ ಎಂಬ ದಿನನಿತ್ಯದ ಸಣ್ಣ ತೀರ್ಮಾನಗಳಲ್ಲಿ ಅದು ಸೇರಿಕೊಂಡಿರುತ್ತದೆ. ಹಾಗಾಗಿ ಇದನ್ನು ಹುಡುಕಲು ಹೊರಟವರು ತಮ್ಮ ಅಂತಃಕರಣವನ್ನು ಪರೀಕ್ಷಿಸುವುದಕ್ಕಿಂತ ತಮ್ಮ ರಿಜಿಸ್ಟರನ್ನು ಪರೀಕ್ಷಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ, ಮತ್ತು ಈ ಲೇಖನದ ಹೆಜ್ಜೆಗಳೆಲ್ಲ ಆ ಅಭಿಪ್ರಾಯದ ಮೇಲೆಯೇ ನಿಂತಿವೆ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಆಸ್ಪತ್ರೆ, ಹದಿಹರೆಯದವರ ಸ್ನೇಹ ಕ್ಲಿನಿಕ್, ನೊಂದ ಮಹಿಳೆಯರ ಸಾಂತ್ವನ ಕೇಂದ್ರ, ಕಾಲೇಜು ಮತ್ತು ಖಾಸಗಿ ಕೇಂದ್ರಗಳಲ್ಲಿ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಈ ಸಮಸ್ಯೆ ಹೊಸದಲ್ಲ, ನಮ್ಮದು ಮಾತ್ರವೂ ಅಲ್ಲ. ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಹಾಲಿಂಗ್ಸ್‌ಹೆಡ್ ಮತ್ತು ರೆಡ್ಲಿಕ್ ಎಂಬಿಬ್ಬರು ನಡೆಸಿ 1958ರಲ್ಲಿ ಪ್ರಕಟಿಸಿದ ಅಧ್ಯಯನವು, ಮಾನಸಿಕ ತೊಂದರೆಯಿಂದ ಬಂದ ಮೇಲುವರ್ಗದವರಿಗೆ ಮಾತಿನ ಚಿಕಿತ್ಸೆಯೂ ಕೆಳವರ್ಗದವರಿಗೆ ಔಷಧ, ವಿದ್ಯುತ್ ಚಿಕಿತ್ಸೆ ಅಥವಾ ಬರಿಯ ಆಸ್ಪತ್ರೆವಾಸವೂ ದೊರೆಯುತ್ತಿದ್ದುದನ್ನು ತೋರಿಸಿತು. 1964ರಲ್ಲಿ ವಿಲಿಯಂ ಸ್ಕೋಫೀಲ್ಡ್ ಎಂಬ ಮನಶ್ಶಾಸ್ತ್ರಜ್ಞರು ಚಿಕಿತ್ಸಕರಿಗೆ ಪ್ರಿಯರಾದ ಸಹಾಯಾರ್ಥಿಗಳ ಲಕ್ಷಣಗಳನ್ನು ಪಟ್ಟಿ ಮಾಡಿದರು: ಎಳೆ ವಯಸ್ಸು, ಲಕ್ಷಣವಾದ ರೂಪ, ಮಾತುಗಾರಿಕೆ, ಬುದ್ಧಿವಂತಿಕೆ ಮತ್ತು ಬದುಕಿನಲ್ಲಿ ಯಶಸ್ಸು. ಇದೆಲ್ಲ ಹಳೆಯ ಕಾಲದ ಮಾತು ಎನ್ನುವವರಿಗೆ 2016ರ ಒಂದು ಪ್ರಯೋಗವನ್ನು ನೆನಪಿಸಬೇಕು. ನ್ಯೂಯಾರ್ಕ್ ನಗರದ 320 ಚಿಕಿತ್ಸಕರಿಗೆ ನಟರ ಧ್ವನಿಯಲ್ಲಿ ಫೋನ್ ಸಂದೇಶ ಬಿಟ್ಟು, ಕರೆ ಮಾಡಿದವರು ಮಧ್ಯಮವರ್ಗದವರೋ ಕಾರ್ಮಿಕವರ್ಗದವರೋ ಎಂಬುದು ಮಾತಿನ ಧಾಟಿಯಿಂದಲೇ ತಿಳಿಯುವಂತೆ ಮಾಡಲಾಗಿತ್ತು. ಮಧ್ಯಮವರ್ಗದ ಬಿಳಿಯರೆಂದು ತೋರಿದವರ ಕರೆಗಳಲ್ಲಿ ಶೇ. 28ಕ್ಕೆ ಭೇಟಿಯ ಸಮಯ ಸಿಕ್ಕರೆ, ಕಾರ್ಮಿಕವರ್ಗದವರೆಂದು ತೋರಿದವರ ಕರೆಗಳಲ್ಲಿ ಸಮಯ ಸಿಕ್ಕಿದ್ದು ಶೇ. 8ಕ್ಕೆ ಮಾತ್ರ. ಮುಖವನ್ನೂ ನೋಡದ ಚಿಕಿತ್ಸಕರು ದನಿಯನ್ನು ಕೇಳಿಯೇ ತೀರ್ಮಾನ ಮಾಡಿದ್ದರು.

ಕಾನೂನಿನ ದೃಷ್ಟಿಯಿಂದಲೂ ಇದು ಬರಿಯ ಸೌಜನ್ಯದ ವಿಷಯವಲ್ಲ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಪ್ರಕರಣವು ಲಿಂಗ, ಧರ್ಮ, ಜಾತಿಗಳ ಜೊತೆಗೆ ವರ್ಗವನ್ನೂ ಹೆಸರಿಸಿ, ಅದರ ಆಧಾರದ ಮೇಲೆ ಭೇದ ಮಾಡದೆ ಸೇವೆ ಒದಗಿಸಬೇಕೆನ್ನುತ್ತದೆ. ವ್ಯಕ್ತಿಯ ಆರ್ಥಿಕ ಅಥವಾ ಸಾಮಾಜಿಕ ಸ್ಥಾನಮಾನದ ಆಧಾರದ ಮೇಲೆ ಮಾನಸಿಕ ಕಾಯಿಲೆಯನ್ನು ನಿರ್ಧರಿಸುವಂತಿಲ್ಲ ಎಂದು 3ನೇ ಪ್ರಕರಣ ಹೇಳುತ್ತದೆ.

ಮೊದಲ ಹೆಜ್ಜೆ: ನೀವು ಎಲ್ಲಿಂದ ಬಂದಿರಿ ಎಂಬುದನ್ನು ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ನಿಮ್ಮ ತಂದೆತಾಯಿಯ ಕೆಲಸ, ಮನೆಯ ಜಮೀನು, ನೀವು ಓದಿದ ಶಾಲೆ, ಮನೆಯಲ್ಲಿ ಮೊದಲು ಪದವಿ ಪಡೆದವರು ಯಾರು, ಸಾಲ ಕೇಳಲು ಯಾರ ಮನೆಯ ಬಾಗಿಲಿಗೆ ಹೋಗಬೇಕಾಗುತ್ತಿತ್ತು ಎಂಬುದನ್ನು ಬರೆಯಿರಿ. ಈ ಹಾಳೆಯನ್ನು ಯಾರಿಗೂ ತೋರಿಸಬೇಕಾಗಿಲ್ಲ. ಅದರ ಕೆಳಗೆ, ಯಾವ ಬಗೆಯ ಸಹಾಯಾರ್ಥಿ ಬಂದರೆ ನಿಮಗೆ ಹಗುರವೆನಿಸುತ್ತದೆ, ಯಾರು ಬಂದರೆ ಗಡಿಯಾರ ನೋಡುವಂತಾಗುತ್ತದೆ ಎಂಬುದನ್ನೂ ಬರೆಯಿರಿ.

ಇಲ್ಲಿ ಒಂದು ವಿಷಯವನ್ನು ನೇರವಾಗಿಯೇ ಹೇಳಬೇಕು. ನಮ್ಮ ಎರಡು ಜಿಲ್ಲೆಗಳ ಆಪ್ತಸಮಾಲೋಚಕರಲ್ಲಿ ಅನೇಕರು ತಾಲ್ಲೂಕಿನ ಹಳ್ಳಿಗಳಿಂದ ಬಂದು, ಹಾಸ್ಟೆಲಿನಲ್ಲಿ ಉಳಿದು ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು. ಅಥವಾ ಮನಶ್ಶಾಸ್ತ್ರದ ಎಂ.ಎಸ್ಸಿ. ಮುಗಿಸಿದವರು, ಮನೆಗೆ ಮೊದಲ ಪದವೀಧರರು. ಬಡತನ ಗೊತ್ತಿರುವವರಿಗೆ ವರ್ಗಭೇದ ಅಂಟುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ನಾನು ಕಂಡ ಮಟ್ಟಿಗೆ ಅದು ಸರಿಯಲ್ಲ. ಮೇಲುಮಧ್ಯಮ ವರ್ಗದಲ್ಲಿ ಹುಟ್ಟಿದ ಸಮಾಲೋಚಕರ ದೋಷ ಸಾಮಾನ್ಯವಾಗಿ ಅಜ್ಞಾನ. ಕೂಲಿಯ ದಿನಗಳ ಲೆಕ್ಕ ಅವರಿಗೆ ತಿಳಿದಿರುವುದಿಲ್ಲ, ತಿಳಿಸಿದರೆ ತಿದ್ದಿಕೊಳ್ಳುತ್ತಾರೆ. ಕಷ್ಟಪಟ್ಟು ಮೇಲೆ ಬಂದವರ ದೋಷ ಇನ್ನೂ ಬಿಗಿಯಾದದ್ದು: "ನಾನೂ ಇದೇ ಮನೆಯಿಂದ ಬಂದವಳು, ನನಗೆ ಆದದ್ದು ಇವರಿಗೇಕೆ ಆಗದು?" ಎಂಬ ಪ್ರಶ್ನೆ ಮನಸ್ಸಿನಲ್ಲಿ ಕುಳಿತುಬಿಟ್ಟರೆ, ಎದುರಿಗಿರುವವರ ಖಿನ್ನತೆಯೂ ಸೋಮಾರಿತನವಾಗಿ ಕಾಣತೊಡಗುತ್ತದೆ. ಈ ಪ್ರಶ್ನೆ ನಿಮ್ಮಲ್ಲಿ ಎದ್ದ ದಿನ ಅದನ್ನು ಅದೇ ಹಾಳೆಯಲ್ಲಿ ದಿನಾಂಕದೊಂದಿಗೆ ಗುರುತು ಹಾಕಿಕೊಳ್ಳಿ. ಆ ದಿನ ಯಾರು ಬಂದಿದ್ದರು, ಅವರಿಗೆ ಎಷ್ಟು ಹೊತ್ತು ಕೊಟ್ಟಿರಿ ಎಂಬುದನ್ನು ಮುಂದೆ ರಿಜಿಸ್ಟರಿನಲ್ಲಿ ನೋಡಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಬಾಗಿಲಿನ ಹೊರಗೆ ಏನಾಗುತ್ತಿದೆ ಎಂದು ನೋಡಿ

ಸಮಾಲೋಚನೆ ನಿಮ್ಮ ಕುರ್ಚಿಯಿಂದ ಆರಂಭವಾಗುವುದಿಲ್ಲ. ಫೋನ್ ಎತ್ತುವವರು, ಚೀಟಿ ಬರೆಯುವವರು, ಬಾಗಿಲಲ್ಲಿ ನಿಲ್ಲುವ ಸಹಾಯಕರು ಬಂದವರನ್ನು ಆಗಲೇ ವಿಂಗಡಿಸಿರುತ್ತಾರೆ. ಕಾರಿನಲ್ಲಿ ಬಂದವರನ್ನು ಒಳಗೆ ಕರೆದು ಕೂರಿಸಿ, ಚೀಲ ಹಿಡಿದು ಬಂದವರನ್ನು "ಅಲ್ಲೇ ಕುಂತಿರಮ್ಮ, ಕರೀತಾರೆ" ಎನ್ನುವುದು ಎಷ್ಟು ಸಹಜವಾಗಿ ನಡೆಯುತ್ತದೆಯೆಂದರೆ, ಹಾಗೆ ಮಾಡಿದವರಿಗೇ ಅದು ತಿಳಿಯುವುದಿಲ್ಲ. ಒಂದು ದಿನ ಬಿಡುವು ಮಾಡಿಕೊಂಡು ಕಾಯುವವರ ಬೆಂಚಿನ ಮೇಲೆ ನೀವೇ ಕುಳಿತುಕೊಳ್ಳಿ. ಬಂದ ಕ್ರಮಕ್ಕೂ ಕರೆದ ಕ್ರಮಕ್ಕೂ ಇರುವ ವ್ಯತ್ಯಾಸವನ್ನು ಬರೆದಿಟ್ಟುಕೊಂಡು, ಸಿಬ್ಬಂದಿಯೊಂದಿಗೆ ದೂಷಣೆಯ ಧಾಟಿಯಿಲ್ಲದೆ ಅದನ್ನು ಚರ್ಚಿಸಿ.

ಸಮಯದ ಹಂಚಿಕೆಯನ್ನೂ ಇದೇ ಹಂತದಲ್ಲಿ ಸರಿಪಡಿಸಬೇಕು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಎಂಬ ನಮ್ಮ ವೇಳಾಪಟ್ಟಿ ಸಂಬಳದ ರಜೆ ಇರುವವರಿಗೆ ಅನುಕೂಲವಾದದ್ದು. ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರಿಗೆ ಸುಗ್ಗಿಯ ದಿನಗಳಲ್ಲಿ ಒಂದು ಭೇಟಿಯೆಂದರೆ ಒಂದು ದಿನದ ದುಡಿಮೆ. ಜಗಳೂರು ಅಥವಾ ಮೊಳಕಾಲ್ಮೂರಿನ ಕಡೆಯ ಹಳ್ಳಿಯಿಂದ ಬರುವ ಮಹಿಳೆಗೆ 2023ರ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತವಾಗಿದೆ, ಆದರೆ ಖಾಸಗಿ ಬಸ್ಸು ಮಾತ್ರ ಓಡುವ ದಾರಿಯಲ್ಲಿ ಆ ಉಚಿತ ಟಿಕೆಟ್ಟಿನಿಂದ ಪ್ರಯೋಜನವಿಲ್ಲ, ಮತ್ತು ಜೊತೆಗೆ ಬರುವ ಗಂಡಸು ಎರಡೂ ಕಡೆ ಹಣ ಕೊಡಬೇಕು. ಮುಂದಿನ ಭೇಟಿಯ ದಿನಾಂಕವನ್ನು ಹೇಳುವ ಮೊದಲು "ನಿಮಗೆ ಯಾವ ದಿನ ಕೆಲಸ ಕಡಿಮೆ? ಊರಿಗೆ ಹಿಂದಿರುಗುವ ಬಸ್ಸು ಎಷ್ಟು ಹೊತ್ತಿಗಿದೆ?" ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ. ವಾರಕ್ಕೆ ಒಂದು ಸಂಜೆಯನ್ನಾದರೂ ಕೂಲಿಯವರಿಗೆಂದು ಮೀಸಲಿಡಿ. ಆಗದಿದ್ದರೆ ನಡುವಿನ ಭೇಟಿಗಳನ್ನು ಫೋನಿನಲ್ಲಿ ಮಾಡಿ.

ಖಾಸಗಿಯಾಗಿ ಕೆಲಸ ಮಾಡುವವರು ಶುಲ್ಕದ ವಿಷಯವನ್ನು ಮೊದಲೇ, ಎಲ್ಲರಿಗೂ ಒಂದೇ ವಾಕ್ಯದಲ್ಲಿ ತಿಳಿಸಬೇಕು. ರಿಯಾಯಿತಿ ಕೊಡುವುದಾದರೆ ಅದರ ದರವನ್ನು ಬರೆದು ಹಾಕಿ. ಮುಖ ನೋಡಿ ಕಡಿಮೆ ಮಾಡಬೇಡಿ.

ಮೂರನೆಯ ಹೆಜ್ಜೆ: ಮೊದಲ ಐದು ನಿಮಿಷ

ಎಲ್ಲರಿಗೂ ಒಂದೇ ಬಗೆಯ ಕುರ್ಚಿ, ಎಲ್ಲರಿಗೂ ಬಹುವಚನ, ಎಲ್ಲರಿಗೂ ಮುಚ್ಚಿದ ಬಾಗಿಲು. ಈ ಮೂರನ್ನು ನಿಯಮವಾಗಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಬಂದ ಹುಡುಗಿಗೆ ಹದಿನೆಂಟು ವರ್ಷವಾಗಿದ್ದು ಅವಳು ಕಾಲೇಜಿನ ಗುರುತಿನ ಚೀಟಿ ಹಾಕಿಕೊಂಡಿದ್ದರೆ "ಕುಳಿತುಕೊಳ್ಳಿ" ಎನ್ನುವ ಬಾಯಿ, ಅದೇ ವಯಸ್ಸಿನ ಮನೆಗೆಲಸದ ಹುಡುಗಿಗೆ "ಕೂತ್ಕೋ ಪುಟ್ಟಿ" ಎನ್ನುವುದುಂಟು. ಅದು ಅಕ್ಕರೆಯಿಂದ ಬಂದದ್ದೇ ಇರಬಹುದು, ಆದರೆ ಆ ಅಕ್ಕರೆ ಒಂದೇ ವರ್ಗದವರ ಕಡೆಗೆ ಮಾತ್ರ ಹರಿಯುತ್ತಿದೆಯೇ ಎಂದು ನೋಡಿಕೊಳ್ಳಬೇಕು. ವಯಸ್ಸಾದವರನ್ನು ಅಜ್ಜಿ, ಅಣ್ಣ, ಯಜಮಾನ್ರೇ ಎಂದು ಕರೆಯುವುದು ನಮ್ಮ ಕಡೆಯ ಪದ್ಧತಿ. ಅದನ್ನು ಬಿಡಬೇಕಾಗಿಲ್ಲ, ಹೊಂದಿಕೊಳ್ಳುವ ಕ್ರಿಯಾಪದ ಬಹುವಚನದಲ್ಲಿದ್ದರೆ ಸಾಕು.

ಬಾಗಿಲಿನ ವಿಷಯವನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಗಿದೆ. ಅನುಕೂಲಸ್ಥ ಮನೆಯವರು ಬಂದರೆ ಗೋಪ್ಯತೆಯನ್ನು ನಾವೇ ನೆನಪಿಸುತ್ತೇವೆ. ಬಡ ಮಹಿಳೆ ಬಂದರೆ ಜೊತೆಗೆ ಅತ್ತೆ, ಮೈದುನ, ಆಶಾ ಕಾರ್ಯಕರ್ತೆ ಎಲ್ಲರೂ ಒಳಗೆ ನುಗ್ಗುತ್ತಾರೆ, ನಡುವೆ ಇನ್ನೊಬ್ಬರು ಚೀಟಿ ಹಿಡಿದು ಇಣುಕುತ್ತಾರೆ, ಮತ್ತು ಅಷ್ಟು ಜನರ ಮುಂದೆ "ಏನಮ್ಮಾ ತೊಂದರೆ?" ಎಂದು ಕೇಳಿ, ಅವಳು ಸುಮ್ಮನಿದ್ದರೆ "ಮಾತನಾಡುವುದಿಲ್ಲ" ಎಂದು ಬರೆದುಕೊಳ್ಳುತ್ತೇವೆ. ಗೋಪ್ಯತೆಯು 2017ರ ಕಾಯ್ದೆಯ 23ನೇ ಪ್ರಕರಣ ಕೊಡುವ ಹಕ್ಕು. ಜೊತೆಗೆ ಬಂದವರೊಂದಿಗೆ ಮೊದಲು ಎರಡು ನಿಮಿಷ ಮಾತನಾಡಿ, ಅವರನ್ನು ಗೌರವದಿಂದ ಹೊರಗೆ ಕೂರಿಸಿ, ಆಮೇಲೆ ಕೆಲಸ ಆರಂಭಿಸಿ.

ಅರ್ಜಿಯ ನಮೂನೆಯಲ್ಲಿ ವಿಳಾಸ, ವೃತ್ತಿ, ವರಮಾನ, ಪಡಿತರ ಚೀಟಿಯ ಬಗೆ ಮೇಲ್ಭಾಗದಲ್ಲೇ ಇರುತ್ತವೆ. ನಮ್ಮ ಊರುಗಳಲ್ಲಿ ವಿಳಾಸವೊಂದೇ ಸಾಕು, ವರ್ಗವೂ ಬಹುಮಟ್ಟಿಗೆ ಜಾತಿಯೂ ತಿಳಿದುಹೋಗುತ್ತದೆ: ದಾವಣಗೆರೆಯ ಎಂ.ಸಿ.ಸಿ. ಬ್ಲಾಕ್ ಎಂದರೆ ಒಂದು ಚಿತ್ರ, ಆಜಾದ್ ನಗರ ಎಂದರೆ ಇನ್ನೊಂದು, ಹಟ್ಟಿ ಅಥವಾ ತಾಂಡಾ ಎಂದರೆ ಮತ್ತೊಂದು. ಸಾಧ್ಯವಿದ್ದಲ್ಲಿ ಈ ಭಾಗವನ್ನು ನಮೂನೆಯ ಕೊನೆಗೆ ಸರಿಸಿ, ಮೊದಲ ಮಾತುಕತೆ ಮುಗಿದ ಮೇಲೆ ತುಂಬಿಸಿ.

ನಾಲ್ಕನೆಯ ಹೆಜ್ಜೆ: ಪ್ರಶ್ನೆಗಳನ್ನು ಬದುಕಿಗೆ ಹೊಂದಿಸಿ ಕೇಳಿ

ನನ್ನ ದೃಷ್ಟಿಯಲ್ಲಿ ಹೆಚ್ಚಿನ ಹಾನಿ ಆಗುವುದು ಇಲ್ಲಿ. ಖಿನ್ನತೆಯನ್ನು ಅಳೆಯಲು ನಾವು ಬಳಸುವ ಒಂಬತ್ತು ಪ್ರಶ್ನೆಗಳ ಪಿ.ಎಚ್.ಕ್ಯೂ.-9 ಮಾಪನದಲ್ಲಿ 0ರಿಂದ 27ರವರೆಗೆ ಅಂಕಗಳಿದ್ದು, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ಪರೀಕ್ಷೆ ಬೇಕೆಂದು ತಿಳಿಯಲಾಗುತ್ತದೆ. ನಿದ್ರೆ, ಹಸಿವು, ಸುಸ್ತು, ಆಸಕ್ತಿ ಎಂಬ ಈ ಪ್ರಶ್ನೆಗಳು ಸರಳವಾಗಿಯೇ ಕಾಣುತ್ತವೆ. ಆದರೆ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಿ. ನಿದ್ರೆಯ ಬಗ್ಗೆ ಕೇಳಿದಾಗ ಆಕೆ "ಬೆಳಗಿನ ಮೂರಕ್ಕೇ ಎಚ್ಚರ ಆಗ್ತತಿ ಮೇಡಂ" ಎನ್ನುತ್ತಾರೆ. ಸಮಾಲೋಚಕರು ನಸುಕಿನ ಎಚ್ಚರವನ್ನು ಖಿನ್ನತೆಯ ಲಕ್ಷಣವೆಂದು ಗುರುತಿಸಿಕೊಳ್ಳುತ್ತಾರೆ. ಬಿಸಿಲೇರುವ ಮುನ್ನ ಭಟ್ಟಿ ಹೊತ್ತಿಸಿ, ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಕೆಲಸಕ್ಕೆ ಆಕೆ ಅಷ್ಟು ಹೊತ್ತಿಗೆ ಏಳಲೇಬೇಕು ಎಂಬುದು ಹೊಳೆಯುವುದಿಲ್ಲ. ಹನ್ನೊಂದು ಗಂಟೆಗೆ ಅದೇ ಹೆಂಗಸು ಕುರ್ಚಿಯಲ್ಲಿ ತೂಕಡಿಸಿದರೆ "ನಿರಾಸಕ್ತಿ" ಎಂಬ ಇನ್ನೊಂದು ಗುರುತು ಬೀಳುತ್ತದೆ. ಇದರ ತಿರುವುಮುರುವು ಇನ್ನೂ ಅಪಾಯಕರ: ಸುಸ್ತು, ನಿದ್ರೆಗೇಡು ಎಲ್ಲವೂ "ಕೂಲಿಯವರಿಗೆ ಇದ್ದದ್ದೇ" ಎಂದು ತಳ್ಳಿಹಾಕಿ, ನಿಜವಾಗಿ ಇರುವ ಖಿನ್ನತೆಯನ್ನು ಗುರುತಿಸದೆ ಬಿಡುವುದು.

ಆದ್ದರಿಂದ ಪ್ರತಿ ಲಕ್ಷಣಕ್ಕೂ ಎರಡನೆಯ ಪ್ರಶ್ನೆಯೊಂದನ್ನು ಸೇರಿಸಿ: "ಇದು ಮೊದಲಿನಿಂದ ಹೀಗೇ ಇತ್ತೇ, ಈಚೆಗೆ ಹೀಗಾಗಿದೆಯೇ? ನಿಮ್ಮ ಜೊತೆ ಕೆಲಸ ಮಾಡುವವರಿಗೂ ಹೀಗೇ ಇದೆಯೇ?" ಕೆಲಸವಿಲ್ಲದ ದಿನವೂ ನಸುಕಿನಲ್ಲಿ ಎದೆ ಭಾರವಾಗಿ ಎಚ್ಚರವಾಗುತ್ತದೆಯೆಂದರೆ ಅದು ಬೇರೆಯೇ ಸಂಗತಿ. "ಹವ್ಯಾಸಗಳಲ್ಲಿ ಆಸಕ್ತಿ ಉಳಿದಿದೆಯೇ?" ಎಂಬ ಪ್ರಶ್ನೆಗೆ ದುಡಿಯುವವರ ಬಳಿ ಉತ್ತರವಿರುವುದಿಲ್ಲ. ನಾಯಕನಹಟ್ಟಿಯ ತೇರಿಗೆ ಈ ಸಲ ಹೋಗಬೇಕೆನಿಸಿತೇ, ತಂಗಿಯ ಮಗಳ ಮದುವೆಯಲ್ಲಿ ಮೊದಲಿನಂತೆ ಓಡಾಡಿದಿರೇ, ಮೊಮ್ಮಗುವನ್ನು ಎತ್ತಿಕೊಳ್ಳಲು ಮನಸ್ಸು ಬರುತ್ತದೆಯೇ ಎಂದು ಕೇಳಿದರೆ ಉತ್ತರ ಬರುತ್ತದೆ.

ಸಂಕಟವನ್ನು ಹೇಳುವ ಭಾಷೆಯೂ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. "ನನಗೆ ಆಂಕ್ಸೈಟಿ ಇದೆ, ಓವರ್‌ಥಿಂಕ್ ಮಾಡುತ್ತೇನೆ" ಎನ್ನುವ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ಒಳನೋಟವಿರುವವನೆಂದು ನಾವು ಮೆಚ್ಚುತ್ತೇವೆ. "ಎದಿ ಡವಡವ ಅಂತತಿ, ತಲಿ ಗಿಮ್ ಅಂತತಿ, ಜೀವಕ್ಕ ಬ್ಯಾಸರ ಆಗೇತಿ" ಎನ್ನುವವರಿಗೆ ಒಳನೋಟವಿಲ್ಲವೆಂದು ಬರೆದು, ರಕ್ತದೊತ್ತಡ ಪರೀಕ್ಷೆಗೆ ಕಳುಹಿಸಿ ಕೈತೊಳೆದುಕೊಳ್ಳುತ್ತೇವೆ. ದೇಹದ ಪರೀಕ್ಷೆ ಅಗತ್ಯವಿದ್ದರೆ ಮಾಡಿಸಲೇಬೇಕು, ಆದರೆ ಅಲ್ಲಿಗೇ ನಿಲ್ಲಬಾರದು. "ಎದೆ ಡವಡವ ಎಂದಾಗ ಮನಸ್ಸಿನಲ್ಲಿ ಏನು ಓಡುತ್ತಿರುತ್ತದೆ? ಆಗ ಹತ್ತಿರ ಯಾರಿರುತ್ತಾರೆ?" ಎಂಬ ಎರಡು ಪ್ರಶ್ನೆಗಳಿಂದ, ಇಂಗ್ಲಿಷ್ ಶಬ್ದಗಳ ನೆರವಿಲ್ಲದೆಯೇ ಅಷ್ಟೇ ಆಳಕ್ಕೆ ಹೋಗಬಹುದು.

ಆತ್ಮಹತ್ಯೆಯ ಅಪಾಯವನ್ನು ಕೇಳುವಾಗಲಂತೂ ಭೇದ ಕೂಡದು. ವಿದ್ಯಾರ್ಥಿಯ ಬಾಯಿಂದ "ಸಾಯಬೇಕೆನಿಸುತ್ತದೆ" ಎಂದು ಬಂದರೆ ಇಡೀ ಕಾಲೇಜೇ ಎಚ್ಚೆತ್ತುಕೊಳ್ಳುತ್ತದೆ. ಕೃಷಿ ಕೂಲಿಯವರ ಬಾಯಿಂದ ಬಂದರೆ "ಹಳ್ಳಿಯವರು ಹಾಗೇ ಮಾತಾಡ್ತಾರೆ" ಎನ್ನುವವರಿದ್ದಾರೆ. ಬೆಳೆಗೆ ಹೊಡೆಯುವ ಔಷಧಿ ಮನೆಯೊಳಗೇ ಇರುವ ಕುಟುಂಬಗಳಲ್ಲಿ ಆ ಮಾತನ್ನು ಲಘುವಾಗಿ ತೆಗೆದುಕೊಳ್ಳುವುದು ಎಲ್ಲಕ್ಕಿಂತ ಅಪಾಯಕರ. ಯೋಚನೆ, ಯೋಜನೆ, ಸಾಧನ ಮೂರನ್ನೂ ಎಲ್ಲರಿಗೂ ಒಂದೇ ಕ್ರಮದಲ್ಲಿ ಕೇಳಿ. ಕೀಟನಾಶಕದ ಡಬ್ಬಿ ಎಲ್ಲಿದೆ, ಬೀಗ ಹಾಕಿ ಕೀಲಿಕೈಯನ್ನು ಯಾರ ಬಳಿ ಇಡಬಹುದು ಎಂಬುದನ್ನು ಮನೆಯವರೊಂದಿಗೆ ಕುಳಿತು ತೀರ್ಮಾನಿಸಿ. ಪೊಲೀಸ್ ಕೇಸಿಗೆ ಹೆದರಿ ಹಿಂದಿನ ಯತ್ನವನ್ನು ಮುಚ್ಚಿಡುವವರು ಬಹಳ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ವಿಚಾರಣೆಗೆ ಗುರಿಪಡಿಸಿ ಶಿಕ್ಷಿಸುವಂತಿಲ್ಲ ಎಂದು 2017ರ ಕಾಯ್ದೆಯ 115ನೇ ಪ್ರಕರಣ ಹೇಳುವುದನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಿ. ಉಚಿತ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟು, ಓದಲು ಬಾರದವರಿಗೆ ಅವರ ಫೋನಿನಲ್ಲೇ ಉಳಿಸಿಕೊಡಿ.

ಐದನೆಯ ಹೆಜ್ಜೆ: ಕಡತದ ಶಬ್ದಗಳನ್ನು ತಿದ್ದಿ

ಒಂದೇ ಸಂಗತಿಯನ್ನು ಎರಡು ಬಗೆಯಲ್ಲಿ ಬರೆದಿರುವುದನ್ನು ನೋಡಿ. ಮೊದಲನೆಯದು: "ಸಹಕಾರವಿಲ್ಲ. ಎರಡು ಭೇಟಿ ತಪ್ಪಿಸಿದ್ದಾರೆ. ಹೇಳಿದ ಅಭ್ಯಾಸ ಮಾಡಿಲ್ಲ. ಬದಲಾಗುವ ಇಚ್ಛೆ ಕಡಿಮೆ." ಎರಡನೆಯದು: "ಕಾಫಿ ತೋಟದ ಕೆಲಸಕ್ಕೆ ಮೂರು ವಾರ ಚಿಕ್ಕಮಗಳೂರಿನ ಕಡೆ ಹೋಗಿದ್ದರಿಂದ ಎರಡು ಭೇಟಿ ಆಗಲಿಲ್ಲ. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಹತ್ತು ಜನರ ನಡುವೆ ಉಸಿರಾಟದ ಅಭ್ಯಾಸ ಮಾಡಲು ನಾಚಿಕೆಯಾಯಿತು ಎಂದರು. ಹಿಂದಿರುಗಿದ ಮರುದಿನವೇ ಬಂದಿದ್ದಾರೆ." ಮೊದಲನೆಯ ಬರಹವನ್ನು ಓದಿದ ಮುಂದಿನ ಸಮಾಲೋಚಕರು ಈ ವ್ಯಕ್ತಿಗೆ ಹೆಚ್ಚು ಸಮಯ ಕೊಡುವುದಿಲ್ಲ. ಎರಡನೆಯದನ್ನು ಓದಿದವರು ಮರುದಿನವೇ ಬಂದ ವಿಷಯವನ್ನು ಗಮನಿಸಿ ಮುಂದುವರಿಸುತ್ತಾರೆ. ಸಹಕಾರವಿಲ್ಲ, ಒಳನೋಟವಿಲ್ಲ, ಪ್ರೇರಣೆಯಿಲ್ಲ, ಬೇಜವಾಬ್ದಾರಿ ಎಂಬ ಶಬ್ದಗಳನ್ನು ಬರೆಯುವ ಮುನ್ನ ಅದಕ್ಕೆ ಕಾರಣವಾದ ಘಟನೆಯನ್ನು ಮಾತ್ರ ಬರೆಯಿರಿ. ಹಾಗೆ ಬರೆದ ಮೇಲೆ ಆ ಶಬ್ದ ಬೇಕೆನಿಸುವ ಸಂದರ್ಭಗಳು ಬಹಳ ಕಡಿಮೆ.

ಭೇಟಿ ಅರ್ಧಕ್ಕೆ ನಿಲ್ಲಿಸುವವರ ಪ್ರಮಾಣ ಎಲ್ಲೆಡೆಯೂ ದೊಡ್ಡದು. 125 ಅಧ್ಯಯನಗಳನ್ನು ಒಟ್ಟುಗೂಡಿಸಿದ 1993ರ ವಿಶ್ಲೇಷಣೆಯೊಂದರಲ್ಲಿ ಅದು ಸರಾಸರಿ ಶೇ. 47ರಷ್ಟಿತ್ತು, ಮತ್ತು ಕಡಿಮೆ ವರಮಾನದವರಲ್ಲಿ, ಕಡಿಮೆ ಓದಿದವರಲ್ಲಿ ಹೆಚ್ಚಾಗಿತ್ತು. ಇದರಿಂದ ಬಡವರಿಗೆ ಮಾತಿನ ಚಿಕಿತ್ಸೆ ಒಗ್ಗುವುದಿಲ್ಲ ಎಂಬ ತೀರ್ಮಾನಕ್ಕೆ ಬರುವವರಿಗೆ 2013ರಲ್ಲಿ ಪ್ರಕಟವಾದ ತಮಿಳುನಾಡಿನ ಅಧ್ಯಯನವನ್ನು ತೋರಿಸಬಹುದು. 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ, ಅಂದರೆ ಕೈಯಲ್ಲಿ ಹಣವಿಲ್ಲದಾಗ, ಮತ್ತು ಕಟಾವಿನ ನಂತರ ಪರೀಕ್ಷಿಸಿದಾಗ, ಅದೇ ರೈತರು ಹಣ ಬಂದ ಮೇಲೆ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಸ್ಪಷ್ಟವಾಗಿ ಉತ್ತಮವಾಗಿ ಉತ್ತರಿಸಿದ್ದರು. ಹಣದ ಚಿಂತೆಯೇ ಗಮನವನ್ನು ತಿಂದುಹಾಕುತ್ತದೆ ಎಂಬುದು ಸಂಶೋಧಕರ ವಿವರಣೆ. ನಮ್ಮ ಭದ್ರಾ ಅಚ್ಚುಕಟ್ಟಿನ ಭತ್ತದ ರೈತರಿಗೋ ಚಳ್ಳಕೆರೆಯ ಶೇಂಗಾ ಬೆಳೆಗಾರರಿಗೋ ಇದು ಹೊರತಲ್ಲ: ಬಿತ್ತನೆಯ ಸಾಲದ ತಿಂಗಳಲ್ಲಿ ಕಂಡ ಮರೆವು, ಸಿಡುಕು, ಅನ್ಯಮನಸ್ಕತೆಗಳನ್ನು ಸ್ವಭಾವವೆಂದು ಬರೆದಿಡಬೇಡಿ.

ಆರನೆಯ ಹೆಜ್ಜೆ: ಸಲಹೆ ಆ ಮನೆಯೊಳಗೆ ಹಿಡಿಸುತ್ತದೆಯೇ ಎಂದು ನೋಡಿ

ದಿನಾ ಅರ್ಧ ಗಂಟೆ ನಡೆಯಿರಿ ಎಂದು ಹಮಾಲರಿಗೆ, ದಿನಚರಿ ಬರೆಯಿರಿ ಎಂದು ಸಹಿ ಮಾತ್ರ ಬಲ್ಲವರಿಗೆ, ಏಕಾಂತದಲ್ಲಿ ಕುಳಿತು ಧ್ಯಾನಿಸಿ ಎಂದು ಒಂದೇ ಕೋಣೆಯ ಮನೆಯವರಿಗೆ ಹೇಳಿ ಕಳುಹಿಸುವುದು ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ಬರೆಯಲಾಗದವರು ಫೋನಿನಲ್ಲಿ ತಮ್ಮ ಧ್ವನಿಯನ್ನು ದಾಖಲಿಸಿಕೊಳ್ಳಬಹುದು. ಉಸಿರಾಟದ ಅಭ್ಯಾಸವನ್ನು ಬಸ್ಸಿನ ಸೀಟಿನಲ್ಲಿ, ನೀರಿನ ಸರದಿಯಲ್ಲಿ ನಿಂತೇ ಮಾಡುವಂತೆ ಕಲಿಸಬಹುದು. ಗಂಡನನ್ನು ಬಿಟ್ಟು ಬನ್ನಿ ಎಂದು ಸುಲಭವಾಗಿ ಹೇಳುವ ಮೊದಲು, ಆ ರಾತ್ರಿ ಆಕೆ ಎಲ್ಲಿ ಮಲಗಬೇಕು ಎಂಬುದನ್ನು ಕೇಳಿ.

ಇದಕ್ಕೆ ಸೇರಿದ್ದೇ ಇನ್ನೊಂದು ವಿಷಯ. ಸ್ವಸಹಾಯ ಸಂಘದ, ಫೈನಾನ್ಸಿನ ವಾರದ ಕಂತು ಕಟ್ಟಲಾಗದೆ ನಿದ್ರೆಗೆಟ್ಟವರಿಗೆ ನಿದ್ರೆಯ ಪಾಠವಷ್ಟೇ ಸಾಲದು. ಬಲವಂತದ ಸಾಲ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ; ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ವರಮಾನದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ; ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯಕ್ಕೆಂದೇ ಇರುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಇವನ್ನು ತಿಳಿಸುವುದು ಸಮಾಲೋಚನೆಯ ಭಾಗವೇ, ಸಮಾಜಸೇವೆಯ ಉಪಕಾರವಲ್ಲ. ಆದರೆ ಬಡವರೆಂಬ ಕಾರಣಕ್ಕೆ ಯೋಜನೆಗಳ ಪಟ್ಟಿ ಕೊಟ್ಟು, ಮಾತನ್ನು ಅಲ್ಲಿಗೇ ಮುಗಿಸುವುದೂ ವರ್ಗಭೇದವೇ. ಮಗನನ್ನು ಕಳೆದುಕೊಂಡ ಬೀಡಿ ಕಾರ್ಮಿಕ ಮಹಿಳೆಗೆ ಪಿಂಚಣಿಯ ಅರ್ಜಿಯೂ ಬೇಕು. ಮಗನ ವಿಷಯ ಮಾತನಾಡಲು ಒಂದು ಗಂಟೆಯೂ ಬೇಕು. "ಎಲ್ಲಕ್ಕೂ ಬಡತನವೇ ಕಾರಣ" ಎಂಬ ಕನಿಕರದ ಮಾತು ಆ ಒಂದು ಗಂಟೆಯನ್ನು ಕಿತ್ತುಕೊಳ್ಳುತ್ತದೆ. "ಹಳ್ಳಿಯ ಜನ ಗಟ್ಟಿ, ತಡೆದುಕೊಳ್ಳುತ್ತಾರೆ" ಎಂಬ ಹೊಗಳಿಕೆಯ ಪರಿಣಾಮವೂ ಅದೇ.

ಏಳನೆಯ ಹೆಜ್ಜೆ: ಮೇಲಿನವರ ಎದುರು ಬಾಯಿ ಕಟ್ಟುವುದನ್ನೂ ಗಮನಿಸಿ

ವರ್ಗಭೇದವೆಂದರೆ ಕೆಳಗಿನವರಿಗೆ ಆಗುವ ಅನ್ಯಾಯವಷ್ಟೇ ಎಂದು ತಿಳಿದರೆ ಇನ್ನೊಂದು ಮಗ್ಗುಲು ತಪ್ಪಿಹೋಗುತ್ತದೆ. ಅಡತಿ ಅಂಗಡಿಯ ದೊಡ್ಡ ವ್ಯಾಪಾರಿಯ ಹೆಂಡತಿಯೋ, ವೈದ್ಯರ ಮಗಳೋ, ಕಾಲೇಜಿನ ಆಡಳಿತ ಮಂಡಳಿಯವರ ಸೊಸೆಯೋ ಎದುರಿಗೆ ಕುಳಿತಾಗ ನಾವು ಹೊಡೆತ, ಕುಡಿತ, ವರದಕ್ಷಿಣೆಯ ಪ್ರಶ್ನೆಗಳನ್ನು ನುಂಗಿಕೊಳ್ಳುತ್ತೇವೆ. ಸ್ಲಮ್ಮಿನ ಹೆಂಗಸಿಗೆ ಮೊದಲ ನಿಮಿಷದಲ್ಲೇ "ಗಂಡ ಕುಡೀತಾನಾ?" ಎಂದು ಕೇಳುವ ನಾವು, ಈಕೆಗೆ "ಮನೆಯಲ್ಲಿ ಎಲ್ಲ ಸಪೋರ್ಟಿವ್ ಇದ್ದಾರಾ ಮೇಡಂ?" ಎಂದು ಕೇಳಿ ಮುಂದೆ ಹೋಗುತ್ತೇವೆ. ಒಬ್ಬರಿಗೆ ಅವಮಾನ, ಇನ್ನೊಬ್ಬರಿಗೆ ನಿರ್ಲಕ್ಷ್ಯ. ಎರಡಕ್ಕೂ ಪರಿಹಾರ ಒಂದೇ: ಬರೆದಿಟ್ಟ ವಾಕ್ಯ. "ಇಲ್ಲಿಗೆ ಬರುವ ಎಲ್ಲರಿಗೂ ಕೇಳುವ ಪ್ರಶ್ನೆ ಇದು. ಮನೆಯಲ್ಲಿ ಯಾರಾದರೂ ನಿಮ್ಮ ಮೇಲೆ ಕೈ ಮಾಡಿದ್ದುಂಟೇ, ಹೆದರಿಸಿದ್ದುಂಟೇ, ಹಣಕಾಸನ್ನು ಪೂರಾ ತಮ್ಮ ಕೈಯಲ್ಲೇ ಇಟ್ಟುಕೊಂಡದ್ದುಂಟೇ?" ಇದನ್ನು ಮೇಜಿನ ಮೇಲಿಟ್ಟುಕೊಂಡು, ಯಾರೇ ಬಂದರೂ ಅದೇ ದನಿಯಲ್ಲಿ ಓದಿ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯ ನೆರವು ಬಂಗಲೆಯವರಿಗೂ ಉಂಟು, ಅದನ್ನು ಅವರಿಗೆ ಹೇಳುವವರೇ ಇಲ್ಲ.

ಎಂಟನೆಯ ಹೆಜ್ಜೆ: ಮೂರು ತಿಂಗಳಿಗೊಮ್ಮೆ ರಿಜಿಸ್ಟರ್ ತೆರೆಯಿರಿ

ಕೊನೆಯ ಇಪ್ಪತ್ತು ಕಡತಗಳನ್ನು ತೆಗೆದುಕೊಂಡು, ಒಂದು ಹಾಳೆಯಲ್ಲಿ ವೃತ್ತಿ, ಕಾಯ್ದ ಹೊತ್ತು, ಮೊದಲ ಭೇಟಿಯ ನಿಮಿಷಗಳು, ಒಟ್ಟು ಭೇಟಿಗಳು, ಮಾತಿನ ಚಿಕಿತ್ಸೆಯೋ ಬುದ್ಧಿಮಾತೋ ಮಾತ್ರೆಗೆ ಶಿಫಾರಸೋ, ಬಿಟ್ಟುಹೋದರೆ ನೀವು ಮತ್ತೆ ಫೋನ್ ಮಾಡಿದಿರೋ ಇಲ್ಲವೋ ಎಂಬ ಅಂಕಣಗಳನ್ನು ಹಾಕಿ. ಕೂಲಿ, ಹಮಾಲಿ, ಮನೆಗೆಲಸದವರ ಸಾಲುಗಳಿಗೆ ಒಂದು ಬಣ್ಣ, ಸಂಬಳದವರು ಮತ್ತು ವ್ಯಾಪಾರಸ್ಥರ ಸಾಲುಗಳಿಗೆ ಇನ್ನೊಂದು ಬಣ್ಣ ಬಳಿದು ನೋಡಿ. ಮೊದಲ ಹೆಜ್ಜೆಯ ಹಾಳೆಯಲ್ಲಿ ಗುರುತು ಹಾಕಿದ ದಿನಾಂಕಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಇಪ್ಪತ್ತು ಕಡತಗಳಿಂದ ಏನನ್ನೂ ಸಾಬೀತು ಮಾಡಲಾಗದು, ಆದರೆ ಎಲ್ಲಿ ನೋಡಬೇಕೆಂಬುದು ತಿಳಿಯುತ್ತದೆ.

ಈ ಹಾಳೆಯನ್ನು ಒಬ್ಬರೇ ಓದಿದರೆ ಪ್ರತಿ ಸಾಲಿಗೂ ಸಮಜಾಯಿಷಿ ಹೊಳೆಯುತ್ತದೆ. ಬೇರೆ ಕೇಂದ್ರದ ಸಹೋದ್ಯೋಗಿಯೊಬ್ಬರೊಂದಿಗೆ ಜೋಡಿಯಾಗಿ. ದಾವಣಗೆರೆಯವರು ಚಿತ್ರದುರ್ಗದವರೊಂದಿಗೆ, ಹರಿಹರದವರು ಹಿರಿಯೂರಿನವರೊಂದಿಗೆ ಸೇರಿದರೆ ಸಹಾಯಾರ್ಥಿಗಳ ಗುರುತು ಸಿಗುವ ಸಂಭವ ಕಡಿಮೆ. ಹೆಸರು, ಊರು, ವೃತ್ತಿ ಮೂರನ್ನೂ ಮುಚ್ಚಿ ಮೂರು ಪ್ರಕರಣಗಳ ಟಿಪ್ಪಣಿಗಳನ್ನು ಅವರಿಗೆ ಕೊಟ್ಟು, ಅವರಾಗಿದ್ದರೆ ಎಷ್ಟು ಭೇಟಿ, ಯಾವ ಬಗೆಯ ನೆರವು ಕೊಡುತ್ತಿದ್ದರೆಂದು ಕೇಳಿ. ಅವರ ಉತ್ತರಕ್ಕೂ ನಿಮ್ಮ ಕಡತಕ್ಕೂ ಇರುವ ಅಂತರವನ್ನು ಬರೆದಿಟ್ಟುಕೊಂಡು, ಮುಂದಿನ ಮೂರು ತಿಂಗಳಲ್ಲಿ ಒಂದೇ ಅಂಕಣವನ್ನು ಆರಿಸಿ ಬದಲಾಯಿಸಿ. ಯಾವುದರಿಂದ ಆರಂಭಿಸಬೇಕೆಂದು ತೋಚದಿದ್ದರೆ, ಬಿಟ್ಟುಹೋದವರಿಗೆ ಫೋನ್ ಮಾಡುವ ಅಂಕಣದಿಂದ ಆರಂಭಿಸಿ: ಒಂದು ಭೇಟಿ ತಪ್ಪಿದ ಎಲ್ಲರಿಗೂ ಮೂರು ದಿನದೊಳಗೆ ಒಂದು ಕರೆ, ರಾತ್ರಿ ಏಳರಿಂದ ಎಂಟರ ನಡುವೆ, ಅವರು ಕೆಲಸದಿಂದ ಮನೆಗೆ ಬಂದಿರುವ ಹೊತ್ತಿನಲ್ಲಿ.